ಬಾಗಿಲು ಕಾಯುವ ಕೆಲಸ

ಲಾಸ್ ಏಂಜಲೀಸಿನಲ್ಲಿ ಹಳೇದು ಅನ್ನುವಂಥದ್ದು ಏನಾದರೂ ಇದ್ದರೆ ತೋರಿಸು ಅಂತ ಮಗಳಿಗೆ ದುಂಬಾಲು ಬಿದ್ದಿದ್ದೆ. ಅಲ್ಲಿ ಐವತ್ತು ವರ್ಷದ ಕಟ್ಟಡಕ್ಕೂ ಮುತ್ತಜ್ಜನ ಮರ್ಯಾದೆ. ಒಂದು ಶನಿವಾರ ಓಲ್ವೇರಾ ಸ್ಟ್ರೀಟಿಗೆ ಕರೆದುಕೊಂಡು ಹೋದಳು. ಯೂನಿಯನ್ ಸ್ಟೇಷನ್ನಿನಲ್ಲಿ ರೈಲಿಳಿದು ರಸ್ತೆ ದಾಟಿದೆವು, ಮೆಕ್ಸಿಕೊ ಬಂತು.

ಇಟ್ಟಿಗೆ ಹಾಸಿದ ಪುಟ್ಟ ಬೀದಿ. ನಡುವೆ ಸಾಲಾಗಿ ಗೂಡಂಗಡಿಗಳು. ಕಾಗದದ ತೋರಣ, ಚರ್ಮದ ಚಪ್ಪಲಿ, ಹಲ್ಲು ಕಿರಿಯುವ ಬಣ್ಣಬಣ್ಣದ ತಲೆಬುರುಡೆಗಳು. ಸತ್ತವರು ಇಷ್ಟು ಖುಷಿಯಾಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

‘ಎಲ್ಲಾ ಟೂರಿಸ್ಟುಗಳಿಗೋಸ್ಕರ ಮಾಡಿರೋದು ಮಾವ’ ಅಂದ ಅಳಿಯ. ಸುಳ್ಳೇನಲ್ಲ. ಊರೇನೋ ಹಳೇದೇ. 1781ರಲ್ಲಿ ಈಗಿನ ಮೆಕ್ಸಿಕೊದ ಸೊನೋರಾ, ಸಿನಲೋವಾ ಕಡೆಯಿಂದ 44 ಜನ ಬಂದು ನೆಲೆಸಿದ್ದರಿಂದ ಶುರುವಾಯಿತು. 11 ಸಂಸಾರ. ಅರ್ಧ ಜನ ಮಕ್ಕಳೇ. ಆದರೆ ನಾವು ನೋಡುವ ಈ ಬೀದಿಯ ಅಲಂಕಾರ 1930ರದ್ದು. ಪಾಳುಬಿದ್ದು ಕೊಳಕಾಗಿದ್ದ ಜಾಗವನ್ನು ಕ್ರಿಸ್ಟೀನ್ ಸ್ಟರ್ಲಿಂಗ್ ಅನ್ನುವ ಹೆಂಗಸು ಹಠ ಹಿಡಿದು ಉಳಿಸಿದರು. ಕೂಲಿಗೆ ಜೈಲಿನ ಕೈದಿಗಳನ್ನು ಕರೆಸಿದರು. ಆ ವರ್ಷದ ಈಸ್ಟರ್ ದಿನ ಬೀದಿ ಮೆಕ್ಸಿಕನ್ ಸಂತೆಯಾಗಿ ತೆರೆಯಿತು. ಆಕೆ ಮೆಕ್ಸಿಕೊದವರಲ್ಲ ಅನ್ನುವುದು ಬೇರೆ ಮಾತು.

ವೇಷ ಒಮ್ಮೆ ಮಾತ್ರ ಕೆಟ್ಟಿತು. 1932ರಲ್ಲಿ ಇಲ್ಲಿನ ಇಟಾಲಿಯನ್ ಹಾಲ್ ಗೋಡೆಯ ಮೇಲೆ ‘ಅಮೆರಿಕಾ ಟ್ರಾಪಿಕಲ್’ (ಉಷ್ಣವಲಯದ ಅಮೆರಿಕ) ಅನ್ನುವ ಚಿತ್ರ ಬರೆಯಲು ಮೆಕ್ಸಿಕೊದ ಕಲಾವಿದ ಸಿಕೇರೋಸ್‌ಗೆ ಹೇಳಿದರು. ಗಿಳಿ, ಬಾಳೆಗಿಡ ಬರಬಹುದು ಅಂದುಕೊಂಡಿದ್ದವರಿಗೆ ಅವರು ಕೊಟ್ಟದ್ದು ಶಿಲುಬೆಗೆ ಬಿಗಿದ ಮೂಲನಿವಾಸಿ, ಅವನ ತಲೆಯ ಮೇಲೆ ರೆಕ್ಕೆ ಬಿಚ್ಚಿದ, ಅಮೆರಿಕದ ಲಾಂಛನವಾದ ಹದ್ದು. ಸ್ವಲ್ಪ ಕಾಲದಲ್ಲೇ ಬಿಳಿ ಬಣ್ಣ ಬಳಿದುಬಿಟ್ಟರು! ಬಿಳಿ ಬಣ್ಣಕ್ಕೂ ಆಯಸ್ಸಿದೆಯಲ್ಲ, ಅದು ಉದುರಿತು. 2012ರಲ್ಲಿ ಚಿತ್ರವನ್ನು ಜನರ ನೋಟಕ್ಕೆ ತೆರೆದರು. ಬಣ್ಣವೆಲ್ಲ ಮಾಸಿದೆ. ಮತ್ತೆ ಬಣ್ಣ ಹಚ್ಚದೆ ಹಾಗೇ ಬಿಟ್ಟಿರುವುದು ನನಗೆ ಸರಿ ಅನ್ನಿಸಿತು.

ಇಲ್ಲಿ ಟಕೀಟೊ ಅನ್ನುವ, ರೊಟ್ಟಿಯಲ್ಲಿ ಸುತ್ತಿ ಕರಿದ ತಿಂಡಿ ತಿನ್ನದೆ ಹೋಗಬಾರದು ಅನ್ನುತ್ತಾರೆ. ಒಳಗಿರುವುದು ದನದ ಮಾಂಸ ಅಂತ ತಿಳಿದು ನಾನೂ ನನ್ನವಳೂ ಕರಿದ ಸಿಹಿ ತಿಂಡಿ ಚುರ್‍ರೋ ಹಿಡಿದು ಕೂತೆವು. ನನ್ನವಳು ಮಗಳ ತಟ್ಟೆಯ ಸಾಲ್ಸಾ ಚಟ್ನಿ ನಾಲಿಗೆಗೆ ಇಟ್ಟುಕೊಂಡು, ‘ಖಾರನೇ ಇಲ್ಲ. ನಮಗೆ ಮೆಣಸಿನಕಾಯಿ ಕೊಟ್ಟೋರು ಇವರೇ ತಾನೆ?’ ಅಂದಳು. ಹೌದು, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಕೊಟ್ಟವರಿಗಿಂತ ತಗೊಂಡವರು ಜಾಸ್ತಿ ಹಚ್ಚಿಕೊಂಡರು, ಅಷ್ಟೆ.

ನನಗೆ ಮನಸ್ಸು ನಿಂತದ್ದು ಆವಿಲಾ ಮನೆಯಲ್ಲಿ. 1818ರದ್ದು. ಊರಿನಲ್ಲಿ ಉಳಿದಿರುವ ಮನೆಗಳಲ್ಲಿ ಎಲ್ಲಕ್ಕಿಂತ ಹಳೇದು. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ, ಹತ್ತಿರ ಹತ್ತಿರ 3 ಅಡಿ ದಪ್ಪ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಕಾಲಿಟ್ಟರೆ ಮಡಕೆಯೊಳಗೆ ಇಳಿದಷ್ಟು ತಂಪು. ಒಳಕ್ಕೆ ಹೋಗಲು ದುಡ್ಡಿಲ್ಲ ಅನ್ನುವುದೂ ನನಗೆ ಹಿಡಿಸಿತೆನ್ನಿ.

ಈ ಮನೆಯ ಬಗ್ಗೆ ಒಂದು ಕತೆ ಹೇಳುತ್ತಾರೆ. 1847ರಲ್ಲಿ ಅಮೆರಿಕದ ಸೈನ್ಯ ಊರೊಳಗೆ ಬಂತು. ಆಗಿನ್ನೂ ಕ್ಯಾಲಿಫೋರ್ನಿಯಾ ಮೆಕ್ಸಿಕೊದ್ದೇ. ಮನೆಯೊಡತಿ ವಿಧವೆ. ಹೆದರಿ ಬೇರೆಯವರ ಮನೆಗೆ ಹೋಗುವಾಗ ಒಬ್ಬ ಹುಡುಗನನ್ನು ಕಾವಲಿಗೆ ಬಿಟ್ಟರು. ಬಾಗಿಲು ಕಿಟಕಿ ಭದ್ರವಾಗಿ ಹಾಕಿಕೊಂಡು ಒಳಗೇ ಇರು ಅಂದರು. ಹುಡುಗ ಇದ್ದ, ಚೌಕದಲ್ಲಿ ಸೈನ್ಯದ ಬ್ಯಾಂಡು ಶುರುವಾಗುವ ತನಕ. ಆಮೇಲೆ ತಡೆಯಲಾಗಲಿಲ್ಲ. ಬಾಗಿಲು ಹಾರು ಹೊಡೆದು ಓಡಿದ. ದಾರಿಯಲ್ಲಿ ಬಂದ ಸೈನಿಕರಿಗೆ ತೆರೆದ ಮನೆ ಕಂಡಿತು. ಅವರ ದಂಡನಾಯಕ, ನೌಕಾಪಡೆಯ ಕಮೊಡೋರ್ ಸ್ಟಾಕ್ಟನ್ ಅಲ್ಲೇ ಬಿಡಾರ ಹೂಡಿದ.

ಎಂಥ ಬೇಜವಾಬ್ದಾರಿ ಹುಡುಗ ಅಂತ ನಾನು ನಕ್ಕೆ.

ಹೊರಗೆ ಬಂದಾಗ ಅಮ್ಮ, ಮಗಳು ಮತ್ತೆ ಅಂಗಡಿಗೆ ನುಗ್ಗಿದರು. ಅಳಿಯ ಕಾಫಿ ಹುಡುಕಿಕೊಂಡು ಹೋದ. ‘ಅಪ್ಪಾ, ನೀನು ಇಲ್ಲೇ ಕೂತು ಬ್ಯಾಗು ನೋಡ್ಕೊ. ಎಲ್ಲೂ ಹೋಗ್ಬೇಡ’ ಅಂದಳು ಮಗಳು. ಬೆಂಚಿನ ಮೇಲೆ ನಾಲ್ಕು ಬ್ಯಾಗು, ಒಂದು ತಲೆಬುರುಡೆ, ನಾನು. ಹತ್ತು ನಿಮಿಷ ಚೆನ್ನಾಗಿಯೇ ಕಾದೆ.

ಅಷ್ಟರಲ್ಲಿ ಚೌಕದ ಕಡೆಯಿಂದ ಮೆಕ್ಸಿಕನ್ ಹಾಡುಮೇಳ ಮರಿಯಾಚಿ ಶುರುವಾಯಿತು. ಗಿಟಾರ್, ಪಿಟೀಲು, ಮೇಲೆ ತುತ್ತೂರಿ. ಟೂರಿಸ್ಟುಗಳಿಗೆ ಬಾರಿಸುವುದು ಅಂತ ಗೊತ್ತು. ಸುಮ್ನೆ ಮೂಲೆಯಿಂದ ಇಣುಕಿ ಬರೋಣ ಅಂತ ಎದ್ದೆ. ದೊಡ್ಡ ಟೋಪಿಯ ಗಾಯಕ ಕತ್ತೆತ್ತಿ ಒಂದು ದನಿಯನ್ನು ಎಳೆದೂ ಎಳೆದೂ ಬಿಟ್ಟ. ಚಪ್ಪಾಳೆ ಹೊಡೆಯುತ್ತ ನಿಂತಿದ್ದಾಗ ಹೆಗಲ ಮೇಲೊಂದು ಕೈ ಬಿತ್ತು.

‘ಅಪ್ಪಾ, ಬ್ಯಾಗೆಲ್ಲಿ?’