ಫೋಟೋದಾಗ ಏನೈತಿ ಅಂತ ಕೇಳುವ ಮೊದಲೇ

ಜರ್ಮನಿಯಲ್ಲಿ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣ ಬಳಸುವವರ ನಡುವೆ ಒಂದು ರೂಢಿ ಇದೆ. ಚಿತ್ರ ಹಾಕಿದರೆ, ಕಣ್ಣು ಕಾಣದವರಿಗೂ ತಿಳಿಯುವಂತೆ, ಅದರಲ್ಲಿ ಏನಿದೆ ಎಂಬ ವಿವರಣೆಯನ್ನೂ ಜೊತೆಗೆ ಬರೆಯಬೇಕು. ಬರೆಯದಿದ್ದರೆ ಯಾರಾದರೂ ಬಂದು ಕೇಳುತ್ತಾರೆ. ಬೈಯುವುದಿಲ್ಲ, ಸುತ್ತಿ ಬಳಸಿಯೂ ಹೇಳುವುದಿಲ್ಲ. "ಚಿತ್ರಕ್ಕೆ ವಿವರಣೆ ಇಲ್ಲ, ಸೇರಿಸ್ತೀರಾ?" ಅಷ್ಟೇ. ವಿವರಣೆ ಇಲ್ಲದ ಚಿತ್ರವನ್ನು ನಾನು ಹಂಚುವುದಿಲ್ಲ ಅಂತ ತಮ್ಮ ಪರಿಚಯದಲ್ಲೇ ಬರೆದುಕೊಂಡವರಿದ್ದಾರೆ. ಯಾವುದೋ ಕಾರಣಕ್ಕೆ ಬರೆಯಲು ಆಗದವರು 'ಆಲ್ಟ್4ಮಿ' ('ಆಲ್ಟ್' ಅಂದರೆ ಚಿತ್ರದ ವಿವರಣೆ) ಎಂಬ ಹ್ಯಾಶ್‌ಟ್ಯಾಗ್ ಹಾಕಿ ಸಹಾಯ ಕೇಳುತ್ತಾರೆ. ಗುರುತು ಪರಿಚಯ ಇಲ್ಲದ ಯಾರೋ 'ಆಲ್ಟ್4ಯೂ' ಅಂತ ಹಾಕಿ ವಿವರಣೆ ಬರೆದು ಕೊಡುತ್ತಾರೆ. ಚಿತ್ರದ ಜೊತೆಗಿನ ವಿವರಣೆಗೆ 1500 ಅಕ್ಷರದಷ್ಟು ಜಾಗ ಇದೆ.

ನಾನು ಮ್ಯೂನಿಕ್ ಸೇರಿ ಬಹಳ ವರ್ಷವಾಯಿತು. ಫೋನಿನಲ್ಲಿ ಒಂದು ಕಡೆ ಇಲ್ಲಿಯವರ ಬರಹಗಳು, ಇನ್ನೊಂದು ಕಡೆ ಊರಿನವರ, ಕನ್ನಡ ಬಳಗದವರ ಬರಹಗಳು ಬರುತ್ತಿರುತ್ತವೆ. ನವೆಂಬರ್ 1 ಬಂತೆಂದರೆ ಕನ್ನಡದ ಕಡೆ ಚಿತ್ರಗಳ ಮಳೆ. ಬಾವುಟ, ಭುವನೇಶ್ವರಿ, ಮೆರವಣಿಗೆ, ಕೋಲಾಟ. ಒಂದಕ್ಕಾದರೂ ವಿವರಣೆ ಇದೆಯಾ ಅಂತ ಹುಡುಕುತ್ತೇನೆ. ಬಹಳ ಅಪರೂಪ.

ನನ್ನ ದೊಡ್ಡಪ್ಪನ ಮಗ ಗದಗದ ಕಡೆ ಇರುವವನು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರುಗಳು, ಅಂದರೆ ಪರದೆಯ ಮೇಲಿನದನ್ನು ದನಿಯಲ್ಲಿ ಓದುವ ತಂತ್ರಾಂಶಗಳು, ಅವನಿಗೆ ಎಲ್ಲವನ್ನೂ ಓದಿ ಹೇಳುತ್ತವೆ. ಎಲ್ಲವನ್ನೂ ಅಂದರೆ ಅಕ್ಷರವಾಗಿ ಇರುವುದನ್ನು. ನಮ್ಮ ಮನೆಯವರ ಗುಂಪಿನಲ್ಲಿ ಚಿತ್ರ ಬಿದ್ದರೆ ಏನಾಗುತ್ತದೆ ಅಂತ ಅಣ್ಣನನ್ನೇ ಕೇಳಿದ್ದೆ. "ಫೋಟೋ ಬಂತು ಅಂತ ಗೊತ್ತಾಗ್ತೈತಿ. ಫೋಟೋದಾಗ ಏನೈತಿ ಅಂತ ಗೊತ್ತಾಗಂಗಿಲ್ಲ" ಅಂದ.

ನಮ್ಮ ಜನಕ್ಕೆ ಹೇಳಲು ಮನಸ್ಸಿಲ್ಲ ಅಂತಲ್ಲ. ಕೇಳಿದರೆ ಎಷ್ಟು ಪ್ರೀತಿಯಿಂದ ಹೇಳುತ್ತಾರೆ! ವೈನಿ ಪಕ್ಕದಲ್ಲಿ ಕೂತು ಮದುವೆಯ ಫೋಟೋಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ಯಾರು ಎಲ್ಲಿ ನಿಂತಿದ್ದಾರೆ, ಯಾರು ದಪ್ಪ ಆಗಿದ್ದಾರೆ, ಯಾರ ಸೀರೆಗೆ ಎಂಥ ಅಂಚು. ಮಕ್ಕಳು ದನಿಯಲ್ಲೇ ಸಂದೇಶ ಕಳಿಸುತ್ತಾರೆ. ಈ ಸುಖ ಇಲ್ಲಿ ಮ್ಯೂನಿಕ್‌ನಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ, ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅದು ಕೇಳಿದ ಮೇಲೆ ಸಿಗುವುದು. ದಿನಕ್ಕೆ ನಲವತ್ತು ಚಿತ್ರ ಬಂದರೆ ಅಣ್ಣ ಎರಡನ್ನು ಕೇಳುತ್ತಾನೆ, ಉಳಿದದ್ದನ್ನು ಬಿಟ್ಟುಬಿಡುತ್ತಾನೆ. "ಒಂದೊಂದಕ್ಕೂ ಕೇಳ್ಕೊಂತ ಕುಂದ್ರಾಕ ಆಕ್ಕೈತೇನು? ಅವರಿಗೂ ಕೆಲಸ ಇರ್ತಾವ" ಅನ್ನುತ್ತಾನೆ. ಎಷ್ಟೇ ಪ್ರೀತಿಯ ಮನೆಯಾದರೂ ಕೇಳುವವನಿಗೆ ಒಂದು ಸಂಕೋಚ ಇದ್ದೇ ಇರುತ್ತದೆ, ಅಲ್ವಾ?

ಇಲ್ಲಿಯ ದಾರಿ ಬೇರೆ. ಕೇಳುವ ಮೊದಲೇ ಅಲ್ಲಿ ಇಟ್ಟಿರುತ್ತಾರೆ. ಔಷಧಿ ಅಂಗಡಿಯಲ್ಲಿ ಮಾತ್ರೆ ತೆಗೆದುಕೊಂಡರೆ ಪೆಟ್ಟಿಗೆಯ ಮೇಲೆ ಔಷಧಿಯ ಹೆಸರು ಬ್ರೈಲ್ ಚುಕ್ಕಿಗಳಲ್ಲಿ ಇರುತ್ತದೆ. ಯುರೋಪಿಯನ್ ಒಕ್ಕೂಟ 2004ರಲ್ಲಿ ತಂದ ನಿಯಮ ಅದು. ಮ್ಯೂನಿಕ್‌ನ ಫ್ರಾವೆನ್‌ಕಿರ್ಶೆ ಚರ್ಚಿನ ಹತ್ತಿರ ಆ ಕಟ್ಟಡದ್ದೇ ಒಂದು ಪುಟ್ಟ ಕಂಚಿನ ಮಾದರಿ ಇದೆ. ಕಾಣದವರು ಕೈಯಾಡಿಸಿ ಗೋಪುರ ಎಷ್ಟು, ಮಾಡು ಎಂಥದ್ದು ಅಂತ ತಿಳಿಯಬಹುದು. ಟೀವಿಯಲ್ಲಿ ಇಲ್ಲಿಯ ಸಾರ್ವಜನಿಕ ವಾಹಿನಿಗಳಾದ ಎಆರ್‌ಡಿ, ಝಡ್‌ಡಿಎಫ್‌ನ ಎಷ್ಟೋ ಸಿನಿಮಾ, ಧಾರಾವಾಹಿಗಳಿಗೆ ಇನ್ನೊಂದು ದನಿ ಹಾಕಿಕೊಳ್ಳಬಹುದು. ಮಾತಿಲ್ಲದ ಜಾಗದಲ್ಲಿ ಆ ದನಿ ದೃಶ್ಯವನ್ನು ಹೇಳುತ್ತದೆ.

ಅವರಿಗೆ ಕಾನೂನು ಇದೆ, ಅದಕ್ಕೇ ಮಾಡುತ್ತಾರೆ ಅಂತ ಊರಿನ ಗೆಳೆಯರು ಹೇಳುತ್ತಾರೆ. ಅರ್ಧ ನಿಜ. ಆನ್‌ಲೈನ್ ಅಂಗಡಿ, ಬ್ಯಾಂಕ್ ಸೇವೆ ಇಂಥವು ಎಲ್ಲರಿಗೂ ಬಳಸಲು ಆಗುವಂತಿರಬೇಕು ಎಂಬ ಕಾನೂನು ಇಲ್ಲಿ 2025ರ ಜೂನ್ 28ರಿಂದ ಜಾರಿಯಲ್ಲಿದೆ. ಆದರೆ ತನ್ನ ಬೆಕ್ಕಿನ ಫೋಟೋ ಹಾಕುವ ಮನುಷ್ಯನಿಗೆ ಯಾವ ಕಾನೂನೂ ಇಲ್ಲ. ಅವನು ಬರೆಯುವುದು ಸುತ್ತಲಿನವರು ಬರೆಯುತ್ತಾರೆ ಅಂತ. ನಮ್ಮಲ್ಲೂ ಕಾನೂನು ಇಲ್ಲದೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳು ಕೈಗೆ ಸಿಗುವುದು ಕೂಡ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕಚೇರಿಗಳನ್ನು ಅದರಿಂದ ಬಗ್ಗಿಸಬಹುದು. ನಮ್ಮ ಮನೆಯವರ ಗುಂಪನ್ನು ಬಗ್ಗಿಸಲು ಆಗದು.

ಕನ್ನಡದಲ್ಲಿ ತೊಂದರೆ ಎಲ್ಲಕ್ಕಿಂತ ಜಾಸ್ತಿ ಇರುವುದು ಫೋಟೋಗಳಲ್ಲಿ ಅಲ್ಲ, ಅಕ್ಷರಗಳಲ್ಲೇ. ನಾವು ಬರಹವನ್ನು ಚಿತ್ರ ಮಾಡಿ ಹಂಚುತ್ತೇವೆ. ಮದುವೆಯ ಆಮಂತ್ರಣ, ತೀರಿಕೊಂಡ ಸುದ್ದಿ, ಸುಭಾಷಿತ, ವಚನ, ಕೆಲಸಕ್ಕೆ ಅರ್ಜಿ ಕರೆದದ್ದು, ಪರೀಕ್ಷೆಯ ವೇಳಾಪಟ್ಟಿ, ನಾಳೆ ಕರೆಂಟ್ ಇರುವುದಿಲ್ಲ ಎಂಬ ಪ್ರಕಟಣೆ, ಸುತ್ತೋಲೆಯ ಸ್ಕ್ಯಾನ್ ಪ್ರತಿ. ಎಲ್ಲವೂ ಚಿತ್ರ. ಬರೆದವರ ಬಳಿ ಅಕ್ಷರಗಳು ಇದ್ದವು. ಹೂವಿನ ಚೌಕಟ್ಟಿನೊಳಗೆ ಕೂರಿಸುವಾಗ ಅವು ಓದಲು ಸಿಗದಂತಾದವು. ಅಣ್ಣನಿಗೆ ತನ್ನ ಜೊತೆ ಓದಿದವರೊಬ್ಬರು ತೀರಿಕೊಂಡ ಸುದ್ದಿ ಎರಡು ದಿನ ತಡವಾಗಿ ತಿಳಿಯಿತು. ಗುಂಪಿನಲ್ಲಿ ಬಂದಿತ್ತು, ಚಿತ್ರವಾಗಿ. ಕೆಳಗೆ ಎಲ್ಲರೂ ಕೈ ಮುಗಿದ ಇಮೋಜಿ ಹಾಕಿದ್ದರು. ಯಾರಿಗೆ ಅಂತ ಅವನಿಗೆ ತಿಳಿಯಲಿಲ್ಲ.

ಇದಕ್ಕೆ ಪರಿಹಾರ ತೀರಾ ಸುಲಭ. ಚಿತ್ರದಲ್ಲಿ ಏನು ಬರೆದಿದೆಯೋ ಅದನ್ನೇ ಪೂರ್ತಿ ಮತ್ತೆ ಅಕ್ಷರದಲ್ಲಿ ಹಾಕಿದರೆ ಆಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಇವುಗಳಲ್ಲಿ ವಿವರಣೆಗೇ ಬೇರೆ ಜಾಗ ಇದೆ. ವಾಟ್ಸಾಪಿನಲ್ಲಿ ಚಿತ್ರದ ಕೆಳಗೇ ಬರೆಯಬಹುದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಬೇಡಿ, ಯೂನಿಕೋಡ್ ಮಾಡಿ. ಯೂನಿಕೋಡ್ ಅಲ್ಲದ ಬರಹ ನಮ್ಮ ಕಣ್ಣಿಗೆ ಕನ್ನಡದಂತೆ ಕಂಡರೂ ಸ್ಕ್ರೀನ್ ರೀಡರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದರೂ ಕಷ್ಟ. ಇಂಗ್ಲಿಷ್ ದನಿ ಅದನ್ನು ಓದುವ ರೀತಿಯಲ್ಲಿ ಒಂದು ಪದವೂ ತಿಳಿಯುವುದಿಲ್ಲ. ಹ್ಯಾಶ್‌ಟ್ಯಾಗ್ ವಿಷಯದಲ್ಲಿ ಇಂಗ್ಲಿಷಿನವರು ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದು ಮಾಡಿ ಪದಗಳನ್ನು ಬೇರೆ ಮಾಡುತ್ತಾರೆ. ನಮಗೆ ದೊಡ್ಡ ಅಕ್ಷರ ಇಲ್ಲ. ಹಾಗಾಗಿ ನಡುವೆ ಅಡಿಗೆರೆ ಹಾಕಬೇಕು, ಕನ್ನಡ_ರಾಜ್ಯೋತ್ಸವ ಅಂತ. ಮತ್ತೆ ಹತ್ತು ಇಮೋಜಿ ಸಾಲಾಗಿ ಹಾಕಿದರೆ ಹತ್ತರ ಹೆಸರನ್ನೂ ಸ್ಕ್ರೀನ್ ರೀಡರ್ ಓದುತ್ತಾ ಕೂರಬಹುದು. ಒಂದು ಸಾಕು.

ಈಗ ಎಐ ಬಂದಿದೆಯಲ್ಲ, ನಾವ್ಯಾಕೆ ಬರೆಯಬೇಕು ಅಂತ ಕೇಳುವವರಿದ್ದಾರೆ. ಫೇಸ್‌ಬುಕ್ 2016ರಿಂದಲೇ ತಾನಾಗಿ ವಿವರಣೆ ಹಾಕುತ್ತಿದೆ. ಮೊದಮೊದಲು ಅದು ಹೇಳುತ್ತಿದ್ದದ್ದು ಇಷ್ಟು: ಇಬ್ಬರು ಇರಬಹುದು, ನಗುತ್ತಿರಬಹುದು, ಹೊರಗಡೆ ಇರಬಹುದು. ಡೆನ್ಮಾರ್ಕಿನಲ್ಲಿ ಹುಟ್ಟಿದ ಕಾಣದವರಿಗೆ ನೆರವಾಗುವ ಬಿ ಮೈ ಐಸ್ ಎಂಬ ಆ್ಯಪ್ 2023ರಲ್ಲಿ ಎಐ ಸೇರಿಸಿಕೊಂಡಿತು. ಅಣ್ಣ ಅದನ್ನು ಬಳಸುತ್ತಾನೆ, ಮೆಚ್ಚುತ್ತಾನೆ ಕೂಡ. ಪೆಟ್ಟಿಗೆಯ ಮೇಲಿನ ದಿನಾಂಕ ಓದಲು ಅದು ಅವನಿಗೆ ದೊಡ್ಡ ನೆರವು. ಆದರೆ ಆ ಫೋಟೋದಲ್ಲಿ ಕೂತ ಹೆಂಗಸು ನಮ್ಮ ಸೋದರತ್ತೆ, ಕಾಲು ಮುರಿದು ಆರು ತಿಂಗಳ ಮೇಲೆ ಇವತ್ತೇ ಮೊದಲು ಅಂಗಳಕ್ಕೆ ಬಂದಿದ್ದು ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಫೋಟೋ ಹಾಕಿದ್ದೇ ಅದಕ್ಕೆ. ಅದನ್ನು ಹಾಕಿದವನೇ ಹೇಳಬೇಕು. ಯಂತ್ರ ಇಲ್ಲದ್ದನ್ನು ಇದೆ ಅಂತ ಧೈರ್ಯವಾಗಿ ಹೇಳುವುದೂ ಉಂಟು. ನೋಡಿ ತಿದ್ದಲು ಅಣ್ಣನಿಗೆ ಆಗುವುದಿಲ್ಲ.

ಜರ್ಮನ್ನರ ರೂಢಿಯನ್ನು ತೆಗೆದುಕೊಳ್ಳೋಣ, ಅವರ ಬರವಣಿಗೆಯನ್ನಲ್ಲ. ನಾನು ಓದುವ ವಿವರಣೆಗಳಲ್ಲಿ ಹೆಚ್ಚಿನವು ಬಹಳ ಅಚ್ಚುಕಟ್ಟು. ಎಡಗಡೆ ಏನು, ಬಲಗಡೆ ಏನು, ಹಿಂದೆ ಏನು. ಸರಿಯಾಗಿರುತ್ತವೆ, ಆದರೆ ಒಣಗಿರುತ್ತವೆ. ವೈನಿ ಹೇಳುವ ಹಾಗೆ ಬರೆದರೆ ಎಷ್ಟು ಚೆಂದ! ರಾಜ್ಯೋತ್ಸವದ ಒಂದು ಫೋಟೋಗೆ ನಾನು ಹೀಗೆ ಬರೆದೆ: "ಸಭಾಂಗಣದಲ್ಲಿ ಕೋಲಾಟ. ಇಳಕಲ್ ಸೀರೆ ಉಟ್ಟ ಆರು ಹೆಂಗಸರು ಸುತ್ತು ಹಾಕುತ್ತಿದ್ದಾರೆ. ಹಿಂದೆ ಹಳದಿ ಕೆಂಪು ಬಾವುಟ. ಮುಂದೆ ನೆಲದ ಮೇಲೆ ಕೂತ ಮಗುವೊಂದು ನನಗೂ ಕೋಲು ಕೊಡಿ ಅನ್ನುವಂತೆ ಕೈ ಚಾಚಿದೆ." ಅಣ್ಣ ಓದಿ ಮಾಡಿದ ಮೊದಲ ಪ್ರಶ್ನೆ, "ಸೀರಿ ಬಣ್ಣ ಯಾವುದು?"

ಕಾಣದವರಿಗೆ ಬಣ್ಣ ಯಾಕೆ ಅಂತ ಹಲವರು ಅಂದುಕೊಳ್ಳುತ್ತಾರೆ. ಎಷ್ಟೋ ಜನ ಹುಟ್ಟಿದ ಮೇಲೆ ದೃಷ್ಟಿ ಕಳೆದುಕೊಂಡವರು, ಅವರಿಗೆ ಬಣ್ಣ ನೆನಪಿದೆ. ಕೆಲವರಿಗೆ ಅಲ್ಪ ಸ್ವಲ್ಪ ಕಾಣುತ್ತದೆ. ಹುಟ್ಟಿನಿಂದ ಕಾಣದ ಅಣ್ಣನಿಗೂ ಹಸಿರು ಬಳೆ ಅಂದರೆ ಏನು, ಬಿಳಿ ಸೀರೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ನಡೆಯುವ ಮಾತಿನಲ್ಲಿ ಅವನಿಗೂ ಪಾಲು ಬೇಕು.

ಗದಗ ಅಂದರೆ ವೀರೇಶ್ವರ ಪುಣ್ಯಾಶ್ರಮ ನೆನಪಾಗುತ್ತದೆ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಲ್ಲಿ ಎಷ್ಟೊಂದು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರು. ಅವರಿಗೆ ನಾವೆಲ್ಲ ಕೈ ಮುಗಿಯುತ್ತೇವೆ. ಆದರೆ 2011ರ ಜನಗಣತಿಯಂತೆ ಕರ್ನಾಟಕದಲ್ಲಿ ದೃಷ್ಟಿ ತೊಂದರೆ ಇರುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹಾಡುವವರು ಕೆಲವರು. ಉಳಿದವರು ನಮ್ಮ ನಿಮ್ಮಂತೆ. ಮೀಮ್ ಬಂದರೆ ನಗಬೇಕು, ಚುನಾವಣೆ ಬಂದರೆ ವಾದ ಮಾಡಬೇಕು, ಅಳಿಯನ ಹೊಸ ಮನೆ ಹೇಗಿದೆ ಅಂತ ತಿಳಿಯಬೇಕು. ಗೌರವ ಕೊಟ್ಟು ದೂರ ಕೂರಿಸಿದರೆ ಇದು ಯಾವುದೂ ಸಿಗುವುದಿಲ್ಲ.

ಕೇಳುವುದನ್ನೂ ನಾವು ಕಲಿಯಬೇಕು. ಚಿಕ್ಕಪ್ಪ ಹಾಕಿದ ಚಿತ್ರಕ್ಕೆ ವಿವರಣೆ ಇಲ್ಲ ಅಂತ ಗುಂಪಿನಲ್ಲಿ ಹೇಳಲು ನಮಗೆ ನಾಲಿಗೆ ಏಳುವುದಿಲ್ಲ. ಹಿರಿಯರಿಗೆ ಹೇಗೆ ಹೇಳುವುದು, ಬೇಜಾರು ಮಾಡಿಕೊಂಡಾರು. ಅದಕ್ಕೆ ನಾನು ಸುಮ್ನೆ ಕೆಳಗೆ ವಿವರಣೆ ಬರೆಯುತ್ತೇನೆ, "ಅಣ್ಣನಿಗಾಗಿ" ಅಂತ ಸೇರಿಸುತ್ತೇನೆ. ಈಗ ಚಿಕ್ಕಪ್ಪ ತಾವೇ ಎರಡು ಸಾಲು ಬರೆಯುತ್ತಾರೆ. ನಮ್ಮ ಬಳಗದ ಮುಂದಿನ ರಾಜ್ಯೋತ್ಸವದ ಆಹ್ವಾನ ಚಿತ್ರವಾಗಿಯೂ ಹೋಗುತ್ತದೆ, ಕೆಳಗೆ ಅಕ್ಷರವಾಗಿಯೂ ಹೋಗುತ್ತದೆ. ದಿನ, ಹೊತ್ತು, ಜಾಗ, ಊಟದಲ್ಲಿ ಏನೇನು, ಎಲ್ಲ.