ವೇದಿಕೆಗೆ ಶಾಮಿಯಾನ ಬಂತು, ಗದ್ದೆಗೆ ಟಿಲ್ಲರ್ ಬಂತೇ?

ತುಳುವರ ಆಟಿ ತಿಂಗಳು ಬಂತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಭಾನುವಾರ ಎಂದರೆ ಯಾವುದಾದರೂ ಯುವಕ ಮಂಡಲದ್ದೋ ಭಜನಾ ಮಂಡಳಿಯದ್ದೋ ಕೆಸರುಗದ್ದೆ ಕ್ರೀಡಾಕೂಟ ಇದ್ದೇ ಇದೆ. ಆಮಂತ್ರಣ ಪತ್ರಿಕೆ ತೆರೆದು ನೋಡಿ. ಉದ್ಘಾಟಕರು, ಅಧ್ಯಕ್ಷರು, ಹನ್ನೆರಡು ಮಂದಿ ಮುಖ್ಯ ಅತಿಥಿಗಳು (ಎಲ್ಲರೂ ಮುಖ್ಯರೇ), ಸನ್ಮಾನ, ಆಟಿಯ ಊಟ. ಗದ್ದೆಗೆ ಸಿಗುವುದು ಒಂದೇ ಸಾಲು, ಇಂಥವರ ಮನೆಯ ಬಾಕಿಮಾರು (ಮನೆಯೆದುರಿನ ದೊಡ್ಡ) ಗದ್ದೆಯಲ್ಲಿ ಎಂದು. ಖರ್ಚಿನ ಪಟ್ಟಿಯೂ ಹಾಗೆಯೇ. ಶಾಮಿಯಾನ, ಮೈಕ್, ಶಾಲು, ಸ್ಮರಣಿಕೆ ಎಲ್ಲ ಮುಗಿದ ಮೇಲೆ ಕೊನೆಗೆ "ಟಿಲ್ಲರ್, ಒಂದು ಗಂಟೆ".

ಆ ಒಂದು ಗಂಟೆಯಲ್ಲೇ ತಪ್ಪುವುದು. ಕೂಟ ಚಂದ ಆಗುವುದೂ ಕೆಡುವುದೂ ಗದ್ದೆಯಿಂದ. ಗದ್ದೆಯ ಕೆಲಸ ಹದಿನೈದು ದಿನ ಮೊದಲೇ ಶುರುವಾಗಬೇಕು.

ಮೊದಲು ಗದ್ದೆ ಆರಿಸುವುದು. ಎತ್ತರದ ಬೆಟ್ಟು ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ, ತಳದಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ಹರಳು ಜಾಸ್ತಿ. ತೀರಾ ತಗ್ಗಿನ ಬೈಲು ಗದ್ದೆಗೆ ಒಂದು ಜೋರು ಮಳೆ ಬಂದರೆ ತೋಡಿನ (ಹಳ್ಳದ) ನೀರೇ ನುಗ್ಗುತ್ತದೆ. ನಡುವಿನ ಮಜಲು ಗದ್ದೆ ಸರಿ. ಮೇಲಿನಿಂದ ಇಳಿಯುವ ನೀರು ಯಾರದ್ದಾದರೂ ದನದ ಹಟ್ಟಿಯ ಅಥವಾ ಬಚ್ಚಲಿನ ಬದಿಯಿಂದ ಬರುತ್ತಿದೆಯೇ ಎಂದು ಹುಣಿಯ (ಗದ್ದೆಯ ಬದುವಿನ) ಮೇಲೆ ನಡೆದೇ ನೋಡಬೇಕು. ರಸ್ತೆ ಬದಿಯ ಗದ್ದೆ ವಾಹನ ನಿಲ್ಲಿಸಲು ಅನುಕೂಲ ಎಂದು ಎಲ್ಲರಿಗೂ ಇಷ್ಟ. ಆದರೆ ಬಾಟಲಿ ಬಂದು ಬೀಳುವುದೂ ಅಲ್ಲಿಗೇ. ರಸ್ತೆಯಿಂದ ಎಸೆದ ಬಾಟಲಿ ಎಷ್ಟು ದೂರ ಹೋಗಬಹುದೋ ಅಷ್ಟು ಅಂಚನ್ನು ಬಿಟ್ಟೇ ಆಟದ ಜಾಗ ಗುರುತು ಮಾಡಿ.

ನಾಲ್ಕೈದು ವರ್ಷ ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಯಾದರೆ ಇನ್ನೂ ಜಾಗ್ರತೆ ಬೇಕು. ನಾಚಿಕೆಮುಳ್ಳಿನ ಬೇರು ಒಂದು ಉಳುಮೆಗೆ ಹೋಗುವುದಿಲ್ಲ. ಹದಿನೈದು ದಿನ ಮೊದಲು ಒಂದು ಸಲ ಉತ್ತು, ನೀರು ಕಟ್ಟಿ, ಕಳೆ ಕೊಳೆಯಲು ಬಿಡಬೇಕು. ವಾರದ ನಂತರ ಇನ್ನೊಮ್ಮೆ. ಹಿಂದಿನ ದಿನ ಮೂರನೆಯ ಸಲ ಉತ್ತು ಹಲಗೆ ಹೊಡೆದು ಮಟ್ಟ ಮಾಡಬೇಕು. ಶನಿವಾರ ಸಂಜೆ ಒಂದೇ ಸಲ ಉತ್ತ ಗದ್ದೆಯಲ್ಲಿ ಹುಲ್ಲಿನ ಬುಡ ಮುದ್ದೆಮುದ್ದೆಯಾಗಿ ಉಳಿಯುತ್ತದೆ. ಓಡುವವನ ಒಂದು ಕಾಲು ಮುದ್ದೆಯ ಮೇಲೆ, ಇನ್ನೊಂದು ಹೊಂಡದಲ್ಲಿ. ಪಾದ ಉಳುಕುವುದು ಹೀಗೆ. ಅರ್ಧ ಕೊಳೆತ ಕಳೆಯ ವಾಸನೆ ಬೇರೆ.

ಕೇಜ್‌ವೀಲ್ (ಕೆಸರಿಗೆಂದೇ ಇರುವ ಕಬ್ಬಿಣದ ಪಂಜರದಂಥ ಚಕ್ರ) ಹಾಕಿದ ಟಿಲ್ಲರ್ ಸಾಕು, ದೊಡ್ಡ ಟ್ರಾಕ್ಟರ್ ಬೇಡ. ವರ್ಷಗಟ್ಟಲೆ ಉತ್ತ ಗದ್ದೆಗೆ ಅರ್ಧ ಅಡಿಯ ಕೆಳಗೆ ಗಟ್ಟಿ ತಳ ಒಂದು ಇರುತ್ತದೆ. ನೀರು ಹಿಡಿಯುವುದು ಅದು, ಓಡುವಾಗ ಕಾಲಿಗೆ ಆಧಾರ ಕೊಡುವುದೂ ಅದೇ. ಟ್ರಾಕ್ಟರ್ ಚಕ್ರ ಹೂತಲ್ಲೆಲ್ಲ ಆ ತಳ ಒಡೆದು, ಮೇಲಿನಿಂದ ಕಾಣದ ಗುಂಡಿಯಾಗುತ್ತದೆ. ಕೆಸರು ಮೀನಖಂಡದ ಅರ್ಧಕ್ಕೆ ಬಂದರೆ ಹದ. ಮೊಣಕಾಲಿನವರೆಗೆ ಹೂತರೆ ಪಾದ ಅಲ್ಲೇ ಸಿಕ್ಕಿ ಮೈ ಮಾತ್ರ ತಿರುಗುತ್ತದೆ, ಮೊಣಗಂಟಿನ ನಾರು ಹರಿಯುವುದು ಆವಾಗ. ಕೆಸರಿನ ಮೇಲೆ ಎರಡು ಮೂರು ಇಂಚು ನೀರು ಇರಲಿ. ನೀರು ಕಡಿಮೆಯಾದರೆ ಮಣ್ಣು ಅಂಟಿನ ಹಾಗೆ ಕಾಲು ಹಿಡಿಯುತ್ತದೆ, ಜಾಸ್ತಿಯಾದರೆ ಅದು ಈಜಿನ ಸ್ಪರ್ಧೆ. ಆವೆಮಣ್ಣಿನ ಗದ್ದೆ ರಾತ್ರಿ ಕಳೆಯುವುದರೊಳಗೆ ಕೂರುತ್ತದೆ, ಬೆಳಗ್ಗೆ ಇನ್ನೊಮ್ಮೆ ಹಲಗೆ ಎಳೆಯಿರಿ. ಮಳೆ ಜೋರಾದರೆ ಹುಣಿ ಕಡಿದು ನೀರು ಬಿಡಲು ಹಾರೆ ಹಿಡಿದು ಒಬ್ಬರು ಇರಲೇಬೇಕು, ಅವರಿಗೆ ಬೇರೆ ಯಾವ ಜವಾಬ್ದಾರಿಯೂ ಬೇಡ.

ಗಾಜು ಹುಡುಕುವ ಕೆಲಸ ಎರಡನೆಯ ಉಳುಮೆ ಆದ ಮೇಲೆ. ಗಂಬೂಟು ಹಾಕಿದ ಎಂಟು ಹತ್ತು ಜನ ಒಂದು ತೋಳಿನ ಅಂತರದಲ್ಲಿ ಸಾಲಾಗಿ ನಿಂತು, ಕುಂಟೆಯಲ್ಲಿ ಕೆರೆಯುತ್ತಾ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಹೋಗಬೇಕು. ಬರಿಗಾಲಲ್ಲಿ "ತಡಕುವುದು" ಬೇಡ ಮಾರಾಯ್ರೆ, ಹುಡುಕಲು ಹೋದವನ ಕಾಲಿಗೇ ಹೊಲಿಗೆ ಬೀಳುತ್ತದೆ.

ಒಂದೇ ಗದ್ದೆಯಲ್ಲಿ ಎಲ್ಲವನ್ನೂ ಆಡಿಸುವುದು ಎರಡನೆಯ ತಪ್ಪು. ಹಗ್ಗಜಗ್ಗಾಟ ನಾಲ್ಕು ಸುತ್ತು ಆದರೆ ಗದ್ದೆಯ ನಡುವೆ ಕಾಲುವೆಯೇ ತೆರೆದಿರುತ್ತದೆ, ಅಲ್ಲೇ ಮಕ್ಕಳನ್ನು ಓಡಿಸುತ್ತಾರೆ. ಓಟಕ್ಕೆ ಒಂದು ಗದ್ದೆ, ಹಗ್ಗಕ್ಕೆ ಒಂದು, ಚಿಕ್ಕ ಮಕ್ಕಳಿಗೆ ಕೆಸರು ಕಣಕಾಲಿಗಷ್ಟೇ ಬರುವ ಒಂದು ಮೂಲೆ. ಐದು ವರ್ಷದ ಮಗು ಮುಖ ಅಡಿಯಾಗಿ ಬಿದ್ದರೆ ತಾನೇ ಏಳುವುದು ಕಷ್ಟ. ನಾಲ್ಕು ಹೆಜ್ಜೆ ದೂರದಲ್ಲಿ ಗದ್ದೆಯೊಳಗೇ ಒಬ್ಬ ದೊಡ್ಡವರು ನಿಂತಿರಬೇಕು, ಹುಣಿಯ ಮೇಲೆ ಅಲ್ಲ.

ಹಗ್ಗದ ವಿಷಯದಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಕೊಡಬೇಡಿ. ಸ್ಪರ್ಧೆಯ ಹಗ್ಗದ ಸುತ್ತಳತೆ 10ರಿಂದ 12.5 ಸೆಂಟಿಮೀಟರ್, ಉದ್ದ ಕನಿಷ್ಠ 33.5 ಮೀಟರ್, ನಡುವೆ ಕೆಂಪು ಗುರುತು, ಅಲ್ಲಿಂದ ಎರಡೂ ಬದಿ ನಾಲ್ಕು ಮೀಟರಿಗೆ ಬಿಳಿ ಗುರುತು, ತಂಡಕ್ಕೆ ಎಂಟು ಜನ. ಲಾರಿಗೆ ಕಟ್ಟುವ ನೈಲಾನ್ ಹಗ್ಗ ತರಬೇಡಿ. ಅದು ಹಿಗ್ಗುತ್ತದೆ, ತುಂಡಾದರೆ ಚಾಟಿಯ ಹಾಗೆ ಹಿಂದಕ್ಕೆ ಬಡಿಯುತ್ತದೆ. ಕೆಸರಿನಲ್ಲಿ ಕೈ ಜಾರುತ್ತದೆ ಎಂದು ಮುಂಗೈಗೆ ಒಂದು ಸುತ್ತು ಹಾಕಿಕೊಳ್ಳುವವರು ಪ್ರತಿ ತಂಡದಲ್ಲೂ ಇರುತ್ತಾರೆ, ಹಿಂದಿನವನು ಸೊಂಟಕ್ಕೇ ಗಂಟು ಬಿಗಿಯುತ್ತಾನೆ. ಎದುರಿನ ತಂಡ ಒಮ್ಮೆಲೇ ಜಗ್ಗಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಬೆರಳೇ ಹೋದೀತು. ಗಂಟು, ಸುತ್ತು ಕಂಡರೆ ಸೀಟಿ ಊದಿ ನಿಲ್ಲಿಸುವಷ್ಟು ಖಡಕ್ ಆದವರೇ ತೀರ್ಪುಗಾರರಾಗಲಿ, ಅತಿಥಿಗಳ ಪೈಕಿ ಒಬ್ಬರು ಬೇಡ. ನಡುಗೆರೆ ಎಳೆಯಲು ಸುಣ್ಣ ಬೇಡವೇ ಬೇಡ. ನೀರಲ್ಲಿ ಗೆರೆಯೂ ನಿಲ್ಲುವುದಿಲ್ಲ, ಕಣ್ಣಿಗೆ ಹೋದರೆ ಸುಡುತ್ತದೆ. ಎರಡೂ ಹುಣಿಯ ಮೇಲೆ ಎದುರುಬದುರು ಬಟ್ಟೆ ಕಟ್ಟಿದ ಕೋಲು ನೆಟ್ಟು, ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರೆ ಗೆರೆ ಸಿಕ್ಕಿತು.

ವಾಲಿಬಾಲ್ ನೆಟ್ಟಿನ ಎತ್ತರದಲ್ಲಿ ಒಂದು ಚಿಕ್ಕ ಲೆಕ್ಕ ಇದೆ. ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಎಂಬುದು ಗಟ್ಟಿ ನೆಲಕ್ಕೆ. ಇಲ್ಲಿ ಆಟಗಾರ ಅರ್ಧ ಅಡಿ ಹೂತು ನಿಂತಿದ್ದಾನೆ, ಹಾರಲಂತೂ ಆಗುವುದಿಲ್ಲ. ಟೇಪನ್ನು ನೀರಿನ ಮೇಲಿನಿಂದ ಹಿಡಿಯದೆ ಗಟ್ಟಿ ತಳಕ್ಕೆ ಮುಟ್ಟಿಸಿ ಅಳೆಯಿರಿ, ಬೇಕಾದರೆ ಇನ್ನೂ ಒಂದು ಗೇಣು ಇಳಿಸಿ. ಇಲ್ಲದಿದ್ದರೆ ಇಡೀ ಆಟ ಸರ್ವಿಸ್ ಮತ್ತು ಔಟ್ ಅಷ್ಟೇ. ಕಬಡ್ಡಿಯನ್ನು ಆಳ ಕೆಸರಲ್ಲಿ ಆಡಿಸದಿರುವುದೇ ಒಳ್ಳೆಯದು. ಬಾಯಿ ತೆರೆದುಕೊಂಡೇ ಆಡುವ ಆಟ ಅದು, ರೈಡರ್ ಮೇಲೆ ಐದು ಜನ ಬಿದ್ದರೆ ಬಾಯಿಗೆ ಹೋಗುವುದು ಏನೆಂದು ಹೇಳಬೇಕಾಗಿಲ್ಲ. ಉಪ್ಪುಮುಡಿ (ಒಬ್ಬರನ್ನು ಬೆನ್ನ ಮೇಲೆ ಹೊತ್ತು ಓಡುವುದು), ಹಿಮ್ಮುಖ ಓಟ, ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುವುದು, ಹುಣಿಯ ಬದಿಯಲ್ಲಿ ಅಜ್ಜಿಯಂದಿರಿಗೆ ತೆಂಗಿನ ಮಡಲು ಹೆಣೆಯುವುದು: ಜನ ನಗುವುದು ಇವುಗಳಿಗೇ.

ಇಲಿಜ್ವರದ ಮಾತನ್ನು ಮೈಕಿನಲ್ಲಿ ಹೇಳಲು ಸಂಘಟಕರಿಗೆ ಸಂಕೋಚ. ಹೇಳಿಬಿಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ರೋಗಾಣು ಕಾಲಿನ ಗಾಯ, ಕಣ್ಣು, ಬಾಯಿಯ ಮೂಲಕ ಒಳಗೆ ಹೋಗುತ್ತದೆ. ಗಾಯ ಇದ್ದವರು, ಸಕ್ಕರೆ ಕಾಯಿಲೆಯಿಂದ ಕಾಲಿಗೆ ಸ್ಪರ್ಶ ಕಡಿಮೆಯಾದವರು ಇಳಿಯುವುದು ಬೇಡ. ತಡೆಮಾತ್ರೆ ಬೇಕೇ ಎಂದು ಊರಿನ ಆರೋಗ್ಯ ಕೇಂದ್ರದಲ್ಲಿ ವಾರ ಮೊದಲೇ ಕೇಳಿ. ಕೂಟ ಆಗಿ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ "ಮಳೆಗಾಲದ ಜ್ವರ" ಎಂದು ಮನೆಯಲ್ಲಿ ಕೂರದೆ ವೈದ್ಯರ ಹತ್ತಿರ ಹೋಗಿ, ಕೆಸರಿಗೆ ಇಳಿದದ್ದನ್ನು ಹೇಳಬೇಕು.

ತೊಳೆದುಕೊಳ್ಳುವ ನೀರಿನ ಲೆಕ್ಕವೂ ತಪ್ಪುತ್ತದೆ. ತಲೆಗೆ 20 ಲೀಟರ್ ಹಿಡಿದರೂ 300 ಜನಕ್ಕೆ 6,000 ಲೀಟರ್. ಸಾವಿರ ಲೀಟರಿನ ಒಂದು ಟ್ಯಾಂಕ್ ಇಟ್ಟು, ಉಳಿದವರು ತೋಡಿಗೆ ಇಳಿಯಲಿ ಎಂದರೆ ತುಂಬಿ ಹರಿಯುವ ಆಟಿಯ ತೋಡು ಕೇಳುತ್ತದೆಯೇ? ಹೆಂಗಸರಿಗೆ ನಾಲ್ಕು ಬದಿಗೆ ಮರೆ, ಒಳಗಿನ ಚಿಲಕ, ಬಟ್ಟೆ ತೂಗಲು ಹಗ್ಗ ಇಷ್ಟಾದರೂ ಇರಲಿ. ಇದಿಲ್ಲದ ಕಡೆ ಹುಡುಗಿಯರು ಮುಂದಿನ ವರ್ಷ ಹೆಸರು ಕೊಡುವುದಿಲ್ಲ, ಸಂಘಟಕರು "ಮಹಿಳೆಯರ ಸ್ಪಂದನೆ ಕಡಿಮೆ" ಎಂದು ವರದಿ ಬರೆಯುತ್ತಾರೆ. ಆಂಪ್ಲಿಫೈಯರ್, ಜನರೇಟರ್ ಒಣ ಜಾಗದಲ್ಲಿ, ಒದ್ದೆ ಕೈಗೆ ಎಟುಕದ ಹಾಗೆ ಇರಬೇಕು. ಲೈನಿಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಮೈಕಿನವರನ್ನು ಕರೆಯಬೇಡಿ.

ಊಟದ ಬಗ್ಗೆ ಎಲ್ಲರಿಗೂ ಗೊತ್ತಿದೆ, ಕುಚಲಕ್ಕಿ ಗಂಜಿಗೆ ನೂರು ಜನಕ್ಕೆ ಹತ್ತು ಕಿಲೋ ಹಿಡಿಯಿರಿ, ಸಾಕು. ಕೆಸುವಿನೆಲೆಯ ಪತ್ರೊಡೆಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಆದರೆ ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆ ಮರದ ಕಷಾಯವನ್ನು ಕೂಟದಲ್ಲಿ ಹಂಚುವುದಾದರೆ, ಬೆಳಗಾಗುವ ಮೊದಲೇ ಕತ್ತಲಲ್ಲಿ ಕೆತ್ತೆ (ತೊಗಟೆ) ತರುವವರು ಹಿಂದಿನ ದಿನ ಬೆಳಕಲ್ಲೇ ಮರ ನೋಡಿ ದಾರ ಕಟ್ಟಿ ಬರಬೇಕು. ಹಾಲೆಯ ಎಲೆ ಒಂದೇ ಗಂಟಿನಿಂದ ಏಳೆಂಟು ಸುತ್ತಲೂ ಹರಡಿರುತ್ತದೆ, ಗೀರಿದರೆ ಬಿಳಿ ಹಾಲು. ತಪ್ಪಿ ಕಾಸರಕನ ಕೆತ್ತೆ ತಂದರೆ ಅದು ವಿಷ. ಹಾಗೆ ಸಾವಾದದ್ದೂ ಇದೆ.

ಇನ್ನು ಸಭೆ. ಮಕ್ಕಳು ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ನಿಂತಿರುವಾಗ ಒಂದೂವರೆ ಗಂಟೆ ಭಾಷಣ. ವಿಷಯ, ಮಣ್ಣಿನ ನಂಟು. ಆ ಗದ್ದೆಗೆ ನಾಳೆ ನೇಜಿ (ಭತ್ತದ ಸಸಿ) ನೆಡುವವರು ಯಾರು ಎಂದು ಕೇಳಿದರೆ ವೇದಿಕೆಯಲ್ಲಿ ಉತ್ತರ ಇಲ್ಲ. ಉಡುಪಿಯಲ್ಲಿ 2021ರಲ್ಲಿ ಹಡಿಲು ಗದ್ದೆಗಳಿಗೆ ಜನ ಸೇರಿ ಇಳಿದು ಬೆಳೆ ತೆಗೆದಿದ್ದಾರೆ, ಆಗದ ಕೆಲಸವೇನೂ ಅಲ್ಲ. ಮುನ್ನೂರು ಜನ ತುಳಿದ ಗದ್ದೆಗಿಂತ ಹದವಾದ ಗದ್ದೆ ಎಲ್ಲಿ ಸಿಗುತ್ತದೆ? ಕೂಟ ಜುಲೈ ಕೊನೆಯ ಭಾನುವಾರ ಎಂದಾದರೆ ಜುಲೈ ಮೊದಲ ವಾರ ಬೇರೆ ಮಡಿಯಲ್ಲಿ ಎಂಒ4 ತಳಿಯ ಭತ್ತದ ಬೀಜ ಹಾಕಿ. ನೆಡುವ ಹೊತ್ತಿಗೆ ನೇಜಿಗೆ ಮೂರು ವಾರ ಆಗಿರುತ್ತದೆ, ನವೆಂಬರ್ ನಡುವಿಗೆ ಕೊಯ್ಲು. ಆ ಅಕ್ಕಿಯಿಂದಲೇ ಮುಂದಿನ ವರ್ಷದ ಗಂಜಿ ಆಗಬಹುದು.

ಹುಣಿಯ ಖರ್ಚನ್ನು ಮಾತ್ರ ಮೊದಲೇ ತೆಗೆದಿಡಿ. ನೋಡಲು ಬಂದವರೆಲ್ಲ ನಿಲ್ಲುವುದು ಹುಣಿಯ ಮೇಲೆ, ಸಂಜೆಗೆ ಅದು ಎರಡು ಮೂರು ಕಡೆ ಕುಸಿದಿರುತ್ತದೆ. ನೀರು ಇಳಿದು ಹೋಗುವುದು ಕೆಳಗಿನ ಮನೆಯವರ ನೆಟ್ಟ ಗದ್ದೆಗೆ. ಶಾಮಿಯಾನ ಬಿಚ್ಚುವಾಗ ಹಾರೆ ಹಿಡಿದು ನಾಲ್ಕು ಜನ ಉಳಿಯಲಿ. ಸೋಮವಾರ ಹುಣಿ ಗಟ್ಟಿಯಾಗಲಿ, ಒಮ್ಮೆ ಹಲಗೆ ಎಳೆಯಿರಿ. ಮಂಗಳವಾರ ಬೆಳಗ್ಗೆ ನೇಜಿ.