ಒಂದೇ ದಿನ, ಮೂರು ಜಿಲ್ಲೆ, ಊಟ ಸಹಿತ

ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯಲ್ಲಿ ಗದ್ದುಗೆ ಹೂಡಿದರು. ಅಲ್ಲಿಂದ ಎದ್ದು ಬೀದರಕ್ಕೆ ರಾಜಧಾನಿ ಸಾಗಿಸಲು ಅವರಿಗೆ ಮುಕ್ಕಾಲು ಶತಮಾನ ಹಿಡಿಯಿತು. ನಮ್ಮ ಟೆಂಪೊ ಟ್ರಾವೆಲರ್ ಅದೇ ಕೆಲಸವನ್ನು ಎರಡೂವರೆ ತಾಸಿನಲ್ಲಿ ಮುಗಿಸುತ್ತದೆ, ಅದೂ ಕಮಲಾಪುರದಲ್ಲಿ ನಿಲ್ಲಿಸಿ ಎಲ್ಲರಿಗೂ ಕೆಂಪು ಬಾಳೆಹಣ್ಣು ಕೊಡಿಸಿದ ಮೇಲೆ. ರಾಜಧಾನಿ ಸಾಗಿಸಿದ ಅಹಮದ್ ಶಾಹನ ಕಾಲದಲ್ಲಿ ಕಡತ ಯಾರ ಟೇಬಲ್ಲಿನ ಮೇಲೆ ಕೂತಿತ್ತೋ, ತನಿಖೆಯಾಗಬೇಕು.

ಈಗ ಎಲ್ಲಿ ನೋಡಿದರೂ ಒಂದು ದಿನದ ಪ್ಯಾಕೇಜಿನ ಕರಪತ್ರ. ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ್ದಾರೆ, ಬೀಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಶುಭೋದಯದ ಜೊತೆ ಬರುತ್ತದೆ. ನಸುಕಿನ ಐದಕ್ಕೆ ಬಿಟ್ಟು ರಾತ್ರಿ ಹನ್ನೊಂದರೊಳಗೆ ಮನೆ. ಕಲಬುರಗಿ ಕೋಟೆಗೆ ಇಪ್ಪತ್ತು ನಿಮಿಷ, ಮಳಖೇಡಕ್ಕೆ ಐದು, ಸನ್ನತಿಗೆ ದರ್ಶನ ಸಮೇತ ಮುಕ್ಕಾಲು ತಾಸು, ಊಟಕ್ಕೆ ಒಂದೂವರೆ ತಾಸು. ಈ ವೇಳಾಪಟ್ಟಿ ಹಾಕಿದವನಿಗೆ ಇತಿಹಾಸ ಗೊತ್ತೋ ಇಲ್ಲವೋ, ನಮ್ಮ ಮಂದಿ ಚೆನ್ನಾಗಿ ಗೊತ್ತು.

ಗೈಡ್ ಎಂದರೆ ಡ್ರೈವರನ ಸೋದರಮಾವನ ಮಗ. ಡಿಗ್ರಿ ಮಾಡಿದ್ದಾನೆ. ಯಾವ ವಿಷಯದಲ್ಲಿ ಎಂದು ಕೇಳುವುದು ಪ್ಯಾಕೇಜಿನಲ್ಲಿ ಇಲ್ಲ.

ಕೋಟೆಯಲ್ಲಿ ಮೊದಲು ತೋಪು. ಬಾರಾ ಗಜಿ ತೋಪು, 29 ಅಡಿ ಉದ್ದ. ಜಗತ್ತಿನಲ್ಲೇ ಇದಕ್ಕಿಂತ ಉದ್ದದ ತೋಪಿಲ್ಲ ಎಂಬುದು ನಮ್ಮೂರಿನ ವಾದ, ಆ ವಾದಕ್ಕೆ ನಾನೂ ಸಹಿ ಹಾಕಿದ್ದೇನೆ. ಆದರೆ ಅಷ್ಟು ಉದ್ದ ಯಾಕೆ ಬೇಕಿತ್ತು ಎಂಬುದು ಭಾನುವಾರ ಬಂದು ನೋಡಿದರೆ ತಿಳಿಯುತ್ತದೆ. ಒಂದೇ ಫೋಟೊದಲ್ಲಿ ಇಡೀ ಕುಟುಂಬ ಕಾಲು ಇಳಿಬಿಟ್ಟು ಕೂಡಲು ಜಾಗವಿದೆ, ಭಾವನ ಕಡೆಯವರು ಬಂದರೂ ಸಾಲುತ್ತದೆ. 'ಇಲ್ಲಿಂದ ಹೊಡದ್ರ ಗುಂಡು ಸೀದಾ ಬಿಜಾಪುರದಾಗ ಬೀಳತಿತ್ರಿ' ಎಂದ ಗೈಡ್. ಬಿಜಾಪುರ ನೂರೈವತ್ತು ಕಿಲೋಮೀಟರ್ ಆಚೆ. ಹೋದ ವಾರದ ಗುಂಪಿಗೆ ಜೇವರ್ಗಿ ತನಕ ಅಂತಲೇ ಹೇಳಿದ್ದನಂತೆ, ಟಿಪ್ಸ್ ಕಡಿಮೆ ಬಿತ್ತು.

ಪಕ್ಕದಲ್ಲೇ 1367ರ ಜಾಮಿ ಮಸೀದಿ. 216 ಅಡಿ ಉದ್ದ, 176 ಅಡಿ ಅಗಲ, ನಡುವೆ ಬಯಲು ಅಂಗಳವೇ ಇಲ್ಲ. ಅಷ್ಟೂ ಜಾಗದ ಮೇಲೆ ಗುಮ್ಮಟಗಳ ಮಾಡು. ಇಂಥದ್ದು ಈ ದೇಶದಲ್ಲಿ ಅಪರೂಪ. ಒಳಗಿನ ಕಮಾನುಗಳು ಅಗಲ ಹೆಚ್ಚು, ಎತ್ತರ ಕಡಿಮೆ. ಒಂದರೊಳಗೆ ಇನ್ನೊಂದು ಹೊಕ್ಕಂತೆ ಕೊನೆಯ ಗೋಡೆಯ ತನಕ ಸಾಗುತ್ತವೆ. ಗೈಡ್ ಇದ್ಯಾವುದನ್ನೂ ಹೇಳಲಿಲ್ಲ. ಯಾವ ಕಮಾನಿನ ಕೆಳಗೆ ನಿಂತರೆ ರೀಲ್ಸ್‌ಗೆ ಬೆಳಕು ಚೆನ್ನಾಗಿ ಬೀಳುತ್ತದೆ ಎಂಬುದನ್ನು ಮಾತ್ರ ಸವಿಸ್ತಾರವಾಗಿ ತಿಳಿಸಿದ. ಒಬ್ಬ ಅಜ್ಜಿ ಕಂಬಕ್ಕೆ ಬೆನ್ನು ಹಚ್ಚಿ ಕೂತು, 'ಎಷ್ಟ ತಂಪ ಅದ ನೋಡವಾ, ನಮ್ಮ ಬಿಸಲ ಗೊತ್ತಿದ್ದವ್ರೇ ಕಟ್ಟ್ಯಾರ' ಎಂದಳು. ಇಡೀ ದಿನದಲ್ಲಿ ವಾಸ್ತುಶಿಲ್ಪದ ಬಗ್ಗೆ ಬಂದ ಒಂದೇ ಒಂದು ಕೆಲಸದ ಮಾತು ಅದು. ಗೈಡ್ ಅವಳನ್ನು 'ಲಗೂ ಏಳ್ರಿ ಆಯಿ, ಟೈಮ್ ಆಯ್ತು' ಎಂದು ಎಬ್ಬಿಸಿದ.

ಬಿಸಿಲೆಂದಾಗ ನೆನಪಾಯಿತು. ವಿಶ್ವ ಪರಂಪರೆ ದಿನ ಬರುವುದು ಏಪ್ರಿಲ್ 18ಕ್ಕೆ. ಆ ಹೊತ್ತಿಗೆ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಹೆದರಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಸರಿದಿರುತ್ತವೆ. ಅಂಥ ದಿನಗಳಲ್ಲಿ ನಡೆಯುವ ಪರಂಪರೆ ನಡಿಗೆಗಳಲ್ಲಿ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುವ ತನಕ ಪರಂಪರೆ ಇರುತ್ತದೆ, ಆಮೇಲೆ ಎಲ್ಲರೂ ಸುಸಲಾ–ಮಿರ್ಚಿ ಇರುವ ಕಡೆ ನಡೆಯುತ್ತಾರೆ. ಆದ್ದರಿಂದ ನಡಿಗೆ ಎಂಬ ಹೆಸರಿಗೆ ಮೋಸವಿಲ್ಲ.

ಮಳಖೇಡ ಬಂತು. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ ಕೂತಿದ್ದ ಊರು. ಕ್ರಿ.ಶ. 851ರ ಸುಮಾರಿಗೆ ಅರಬ ವರ್ತಕ ಸುಲೇಮಾನನ ವರದಿಯಲ್ಲಿ ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದು ಈ ಊರಿನ ಅರಸನನ್ನು. ಉಳಿದವರು ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ, ಅಂದರೆ ಬೈಜಾಂಟಿಯಂನ ದೊರೆ. ಟೆಂಪೊ ವೇಗ ಕಡಿಮೆ ಮಾಡಿತು. ಇಳಿಯಬಹುದೇನೋ ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. 'ಬಲಕ್ಕ ನೋಡ್ರಿ, ನೃಪತುಂಗನ ಕೋಟಿ. ಒಳಗ ಏನಿಲ್ರಿ, ಬರೀ ಕಲ್ಲ ಅವ' ಎಂದ. ಬಲಕ್ಕೆ ಒಂದು ಸಿಮೆಂಟ್ ಲಾರಿ ಹಾದುಹೋಗುತ್ತಿತ್ತು. ಅದು ದಾಟುವಷ್ಟರಲ್ಲಿ ಮಾನ್ಯಖೇಟವೂ ದಾಟಿತ್ತು. 972ರಲ್ಲಿ ಪರಮಾರರ ಸೀಯಕ ಈ ಊರನ್ನು ಸೂರೆ ಮಾಡಿದ. ಅವನ ಬಗ್ಗೆ ನನಗೆ ಯಾವ ಮಮತೆಯೂ ಇಲ್ಲ, ಆದರೆ ಗಾಡಿ ನಿಲ್ಲಿಸಿ ಒಳಗೆ ಬಂದು ಹೋಗಿದ್ದ ಎಂಬುದನ್ನು ಒಪ್ಪಲೇಬೇಕು.

ಸನ್ನತಿಯಲ್ಲಿ ಎಲ್ಲರೂ ಇಳಿದರು, ಚಂದ್ರಲಾಂಬೆಯ ದರ್ಶನವಿತ್ತಲ್ಲ. ಆ ಗುಡಿಯ ಆವರಣದ ಕಥೆ ಗೈಡಿಗೆ ಗೊತ್ತಿದ್ದರೆ ಅವನ ಸುಳ್ಳುಗಳೆಲ್ಲ ಅದರ ಮುಂದೆ ಸಪ್ಪೆಯಾಗುತ್ತಿದ್ದವು. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಡು ಕುಸಿದು ಮೂರ್ತಿಗೆ ಪೆಟ್ಟಾಯಿತು. ಎತ್ತಿ ನೋಡಿದರೆ ಪೀಠವಾಗಿ ಕೂಡಿಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ! ಸಾಮ್ರಾಟ ಎಷ್ಟೋ ಕಾಲದಿಂದ ದೇವಿಯ ಕಾಲಡಿ ಬಿದ್ದುಕೊಂಡಿದ್ದ, ನಾವು ಮೇಲಿಂದ ಕಾಯಿ ಒಡೆಯುತ್ತಿದ್ದೆವು. ಅಂದಮೇಲೆ ನಮ್ಮಲ್ಲಿ ಇತಿಹಾಸ ಹೊರಬೀಳಬೇಕಾದರೆ ಮಾಡು ಬೀಳಬೇಕು. ಈ ಭಾಗದ ಹಳೇ ಕಟ್ಟಡಗಳನ್ನು ರಿಪೇರಿ ಮಾಡದೆ ಬಿಟ್ಟಿರುವುದನ್ನು ನಿರ್ಲಕ್ಷ್ಯ ಎನ್ನುವವರು ಅವಸರದವರು. ಅದು ಸಂಶೋಧನೆ.

ಅಲ್ಲಿಂದ ಸ್ವಲ್ಪವೇ ದೂರ, ಭೀಮಾ ದಂಡೆಯಲ್ಲಿ ಕನಗನಹಳ್ಳಿ ಸ್ತೂಪ. ರಾಣಿ, ಪರಿವಾರದವರೊಡನೆ ನಿಂತ ರಾಜನ ಚಿತ್ರ, ಜೊತೆಗೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂಬ ಬರಹ. ಪಠ್ಯಪುಸ್ತಕದಲ್ಲಿ ಸಾಲುಮರ ನೆಡಿಸಿ ನೆಡಿಸಿ ದಣಿದ ಆ ಮನುಷ್ಯನ ಮುಖ ಹೆಸರಿನ ಸಮೇತ ಕಲ್ಲಿನಲ್ಲಿ ಸಿಕ್ಕಿದ್ದು ಇಲ್ಲಿ, ನಮ್ಮ ಚಿತ್ತಾಪುರದ ಸೀಮೆಯಲ್ಲಿ. 'ಅಲ್ಲಿಗೆ ಹೋಗೂಣೇನ್ರಿ?' ಎಂದು ಒಬ್ಬ ಮೇಷ್ಟ್ರು ಕೇಳಿದರು. ಗೈಡ್ ಉತ್ತರಿಸುವ ಮೊದಲೇ ಹಿಂದಿನ ಸೀಟಿನಿಂದ ಬಂತು: 'ಸರ್, ರೊಟ್ಟಿ ಆರ್ತಾವ.' ಮೇಷ್ಟ್ರು ಸುಮ್ಮನಾದರು. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಎದುರು ಮೌರ್ಯರು ಹಿಂದೆಯೂ ನಿಂತಿರಲಿಕ್ಕಿಲ್ಲ.

ಯಾದಗಿರಿ ಜಿಲ್ಲೆಯನ್ನು ನಾವು ಕಿಟಕಿಯಿಂದ ಮುಗಿಸಿದೆವು. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗದ್ದ ಎಲ್ಲ ಸ್ಪಷ್ಟ. 'ಬುದ್ಧ, ಬುದ್ಧ!' ಎಂದು ಗೈಡ್ ಕೂಗಿದ. ಆ ಕಡೆ ಕೂತವರಿಗೆ ಬುದ್ಧ ಸಿಕ್ಕ, ಈ ಕಡೆಯವರಿಗೆ ಪೆಟ್ರೋಲ್ ಬಂಕ್. ಒಬ್ಬರು ಅದನ್ನೇ ಫೋಟೊ ತೆಗೆದು 'ಶಾಂತಿ' ಎಂದು ಸ್ಟೇಟಸ್ ಹಾಕಿದರು. ಸುರಪುರ, ವಾಗಣಗೇರಿ, ಬೋನಾಳದ ಹಕ್ಕಿ ಕೆರೆ ಕರಪತ್ರದಲ್ಲಿ ಬಣ್ಣದ ಚಿತ್ರವಾಗಿದ್ದವು, ಹಾಗೇ ಉಳಿದವು.

ಬೀದರ ಮುಟ್ಟಿದಾಗ ಹೊತ್ತು ವಾಲಿತ್ತು. ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಮದರಸಾ ಕಟ್ಟಿದ್ದು 1472ರಲ್ಲಿ. ಮೂರು ಅಂತಸ್ತು, ಮೈತುಂಬ ಬಣ್ಣದ ಹೆಂಚಿನ ಕೆಲಸ. ಈಗ ಮುಂಭಾಗದ ಒಂದು ಪಾಲು ಇಲ್ಲ, ಮಿನಾರವೂ ಒಂದೇ ಉಳಿದಿದೆ. 'ಅರ್ಧ ಯಾಕ ಇಲ್ರಿ?' ಎಂದು ಒಂದು ಹುಡುಗಿ ಕೇಳಿದಳು. ಗೈಡ್ ಒಂದು ಕ್ಷಣವೂ ತಡವರಿಸಲಿಲ್ಲ. 'ಅನುದಾನ ಸಾಲಲಿಲ್ಲವಾ.' ಎಲ್ಲರೂ ತಲೆದೂಗಿದರು. ಯಾರಿಗೂ ಸಂಶಯ ಬರಲಿಲ್ಲ, ಬರುವುದಾದರೂ ಹೇಗೆ? ಅರ್ಧಕ್ಕೆ ನಿಂತ ಬ್ರಿಜ್ಜು, ಅರ್ಧಕ್ಕೆ ನಿಂತ ಭವನ, ಅರ್ಧಕ್ಕೆ ನಿಂತ ನಲ್ಲಿ ಪೈಪು ನೋಡುತ್ತ ಬೆಳೆದವರು ನಾವು. 1696ರಲ್ಲಿ ಔರಂಗಜೇಬನ ಕಾಲಕ್ಕೆ ಒಳಗಿಟ್ಟಿದ್ದ ಮದ್ದಿಗೆ ಕಿಡಿ ತಾಗಿ ಸಿಡಿದು ಹಾರಿಹೋಯಿತು ಎಂದು ನಾನು ಹೇಳಿದ್ದರೆ ನನ್ನನ್ನೇ ಸುಳ್ಳ ಎನ್ನುತ್ತಿದ್ದರು.

ಕೋಟೆಯೊಳಗೆ ರಂಗೀನ್ ಮಹಲಿದೆ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಕೆಲಸ. ಅದನ್ನು ನೋಡಲು ಕಾವಲಿನವರನ್ನು ಹುಡುಕಿ ವಿನಂತಿಸಬೇಕು, ವಿನಂತಿಗೆ ವೇಳೆ ಇರಲಿಲ್ಲ. ಬದಲಿಗೆ ಬಿದರಿ ಅಂಗಡಿಯಲ್ಲಿ ನಲವತ್ತು ನಿಮಿಷ. ಸತುವು–ತಾಮ್ರದ ಎರಕಕ್ಕೆ ಬೆಳ್ಳಿ ಕೂಡಿಸಿ, ಆ ಕಪ್ಪು ಬರಿಸಲು ಕೋಟೆಯ ಹಳೇ ಮಣ್ಣೇ ಬೇಕು ಎಂದು ಅಂಗಡಿಯವರು ವಿವರಿಸಿದ ಕೂಡಲೇ ನಮ್ಮವರಲ್ಲಿ ಇಬ್ಬರು ಕೋಟೆಯ ಕಡೆ ಕ್ಯಾರಿಬ್ಯಾಗ್ ಹಿಡಿದು ಹೊರಟರು.

ಗೋಡೆಯ ಮೇಲೆ ಸಂರಕ್ಷಿತ ಸ್ಮಾರಕದ ಫಲಕವಿದೆ. ಹಾನಿ ಮಾಡಿದರೆ 1958ರ ಕಾಯ್ದೆಯಂತೆ ಎರಡು ವರ್ಷದ ತನಕ ಸೆರೆವಾಸ, ಲಕ್ಷದ ತನಕ ದಂಡ. ಅದರ ಮಗ್ಗುಲಲ್ಲೇ ಎರಡು ಹೆಸರು, ನಡುವೆ ಬಾಣ ಚುಚ್ಚಿದ ಹೃದಯ, ಕೆಳಗೆ ತಾರೀಖು. ತಾರೀಖು ಹಾಕಿದ್ದಕ್ಕೆ ನಾನು ಕೃತಜ್ಞ. ಎಷ್ಟೋ ರಾಜರು ಅದನ್ನೂ ಹಾಕಿಲ್ಲ.

ಇಷ್ಟರಲ್ಲಿ ಸುರಂಗಗಳ ಲೆಕ್ಕ ಹೇಳುವುದು ಮರೆತಿದ್ದೆ. ಗೈಡ್ ಮೆಟ್ಟಿದಲ್ಲೆಲ್ಲ ಒಂದು ಸುರಂಗ ತೆಗೆದ. ಕಲಬುರಗಿ ಕೋಟೆಯಿಂದ ಬೀದರಕ್ಕೆ, ಮಳಖೇಡದಿಂದ ಕಲ್ಯಾಣಕ್ಕೆ, ಬೀದರದಿಂದ ಗೋಲ್ಕೊಂಡಕ್ಕೆ. ಎಲ್ಲದರಲ್ಲೂ ರಾಜ ಕುದುರೆ ಮೇಲೆ ಕೂತೇ ಹೋಗುತ್ತಿದ್ದ, ಎಲ್ಲವನ್ನೂ ಈಗ 'ಸರ್ಕಾರದವ್ರು ಮುಚ್ಚ್ಯಾರ'. ಇವುಗಳಲ್ಲಿ ಒಂದಾದರೂ ನಿಜವಿದ್ದಿದ್ದರೆ ನಾವು ಬೀದರ–ಕಲಬುರಗಿ ರೈಲಿಗಾಗಿ 2017ರ ತನಕ ಕಾಯುವ ಅಗತ್ಯವಿರಲಿಲ್ಲ, ಹಳಿ ಹಾಸಿದರೆ ಸಾಕಿತ್ತು.

ತಿರುಗಿ ಬರುವಾಗ ನೌಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿದರು. ಬೀದರದ ಕರೇಜ್ ಇರುವುದು ಇದೇ ನೌಬಾದಿನಲ್ಲಿ. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ಕಡೆಯ ವಿದ್ಯೆಯಿಂದ ಜಂಬಿಟ್ಟಿಗೆ ಕಲ್ಲು ಕೊರೆದು ತೆಗೆದ ನೀರಿನ ಸುರಂಗ. ನೆಲದಡಿ ಕಿಲೋಮೀಟರುಗಟ್ಟಲೆ ಹೋಗಿದೆ, ಗಾಳಿ ಬೆಳಕಿಗೆಂದು ಉದ್ದಕ್ಕೂ ಬಾವಿಗಳನ್ನು ತೋಡಿದ್ದಾರೆ, ಪಂಪಿಲ್ಲದೆ ಬರೀ ಇಳಿಜಾರಿನ ಲೆಕ್ಕದ ಮೇಲೆ ನೀರು ಹರಿಯುತ್ತಿತ್ತು. ಮೇಷ್ಟ್ರು ಅದರ ಹೆಸರೆತ್ತಿದರು. ಗೈಡ್ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಅದು ಮುರಿಯುವ ಮೊದಲು ಬಾಯಿಗಿಟ್ಟುಕೊಂಡು ಹೇಳಿದ: 'ಅದ್ರಾಗ ಏನ್ ನೋಡ್ತೀರಿ ಸರ್, ಬರೀ ನೀರು ಹೋಗ್ತದ. ಕುದ್ರಿ ಹಿಡ್ಯಾದಿಲ್ಲ.'

ಗಾಡಿ ಬಿಟ್ಟ ಮೇಲೆ ಮೊಬೈಲಿನಲ್ಲಿ ರೇಟಿಂಗ್ ಕೊಡಿರೆಂದು ಎಲ್ಲರಿಗೂ ಲಿಂಕ್ ಬಂತು. ನನ್ನ ಪಕ್ಕದವರು ಬೆರಳಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಇಣುಕಿ ನೋಡಿದೆ. ಮೂರು ಸ್ಟಾರ್. 'ಊಟ ಭಾಳ ಚಲೋ ಇತ್ತು. ಕಲ್ಲು ಜಾಸ್ತಿ ಆದವು. ಸುರಂಗ ಒಂದೂ ತೋರಸಲಿಲ್ಲ.'